ಯಾವ ಜವಾರಿ

ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬರುವ ದಾರಿಯಲ್ಲಿ ಈಗ ಎಲ್ಲಿ ನೋಡಿದರೂ ಒಂದೇ ಬೋರ್ಡು: ಜವಾರಿ ಊಟ. ಜವಾರಿ ಕೋಳಿ ಸಾರು, ಜವಾರಿ ರೊಟ್ಟಿ, ಜವಾರಿ ಶೇಂಗಾ ಚಟ್ನಿ. ಒಂದು ಕಡೆಯಂತೂ ಐಸ್‌ಕ್ರೀಮಿಗೂ ಜವಾರಿ ಎಂದು ಬರೆದಿದ್ದಾರೆ. ಅದು ಹೇಗೆ ಜವಾರಿ ಆಯಿತೋ ಆ ದೇವರಿಗೇ ಗೊತ್ತು. ಕಾರಿನಲ್ಲಿ ಬಂದ ಪೇಟೆ ಮಂದಿ ಆ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಮಾತ್ರ ಬಸ್ಸಿನ ಕಿಟಕಿಯಿಂದ ಆ ಅಕ್ಷರ ಕಂಡಾಗಲೆಲ್ಲ ಇವತ್ತಿಗೂ ಮುಖ ತಿರುಗಿಸುತ್ತೇನೆ. ಆ ಒಂದು ಶಬ್ದ ಹಿಂದೊಮ್ಮೆ ನನ್ನ ಪೂರ್ತಿ ಒಂದು ವಾರವನ್ನು ತಿಂದುಹಾಕಿತ್ತು.

ನಮ್ಮ ಕಡೆಯವರಲ್ಲದವರಿಗೆ ಹೇಳುತ್ತೇನೆ. ಜವಾರಿ ಎಂದರೆ ಇಲ್ಲಿಯದೇ ತಳಿ, ಹೈಬ್ರಿಡ್ ಅಲ್ಲದ್ದು, ತಾತ ಮುತ್ತಾತರ ಕಾಲದಿಂದ ಇದೇ ಎರೆಮಣ್ಣಿನಲ್ಲಿ ಬೆಳೆದು ಬಂದದ್ದು. ಇದು ಒಂದು ಅರ್ಥ. ಇನ್ನೊಂದು ಅರ್ಥದಲ್ಲಿ ಜವಾರಿ ಎಂದರೆ ಒರಟು, ನಾಜೂಕಿಲ್ಲದ್ದು, ನಾಲ್ಕು ಜನರ ಮುಂದೆ ತೋರಿಸುವಂಥದ್ದಲ್ಲ. “ಅಂವ ಅಗದಿ ಜವಾರಿ ಮನಶ್ಯಾ” ಎಂದು ಯಾರಾದರೂ ಅಂದರೆ, ಹೊಗಳಿದರೋ ಉಗುಳಿದರೋ ಎಂಬುದನ್ನು ಅಂದವರ ಮುಖ ನೋಡಿಯೇ ತಿಳಿಯಬೇಕು. ನಮಗೆ ಮುಖ ಕಂಡಿರಲಿಲ್ಲ. ಆ ಮಾತು ನಮ್ಮ ಮನೆಗೆ ಫೋನಿನಲ್ಲಿ ಬಂತು.

ಅದಕ್ಕೂ ಮೊದಲು ನನ್ನ ದನಿಯ ವಿಷಯ ಹೇಳಬೇಕು. ನನ್ನದು ದಪ್ಪ ದನಿ, ಸ್ವಲ್ಪ ಗೊಗ್ಗರು. ಆಗ ನಾನು ಬಿ.ಎ. ಮುಗಿಸಿ ಮೊರಬದ ಒಂದು ಸಣ್ಣ ಶಾಲೆಯಲ್ಲಿ ಮೂರನೆಯ ತರಗತಿಗೆ ಕಲಿಸುತ್ತಿದ್ದೆ. ಕೋಣೆಗಳ ನಡುವಿನ ಗೋಡೆ ಮಾಡಿನ ತನಕ ಹೋಗಿರಲಿಲ್ಲ. ನಾನು ಏಳರ ಮಗ್ಗಿ ಹೇಳಿಸಿದರೆ ಬಾಜೂ ಕೋಣೆಯ ಎರಡನೆಯ ತರಗತಿಯ ಮಕ್ಕಳೂ ಏಳೊಂದ್ಲೆ ಏಳು ಎಂದು ಶುರು ಹಚ್ಚುತ್ತಿದ್ದವು. ಹೆಡ್‌ಮಾಸ್ತರರಿಗೆ ಖುಷಿಯೋ ಖುಷಿ. ಒಂದು ಪಗಾರದಲ್ಲಿ ಎರಡು ಕ್ಲಾಸು ನಡೆದರೆ ಯಾರಿಗೆ ಬೇಡ?

ಮನೆಯಲ್ಲಿ ಹಾಗಲ್ಲ. “ಸಣ್ಣಗ ಮಾತಾಡಲೇ, ಓಣಿ ತುಂಬ ಕೇಳ್ತೈತಿ” ಎಂದು ಅವ್ವ ದಿನಕ್ಕೆಷ್ಟು ಸಲ ಅನ್ನುತ್ತಿದ್ದಳೋ. ಅವಳ ದನಿ ನನ್ನದಕ್ಕೆ ತದ್ವಿರುದ್ಧ. ತುಟಿಯ ಅಂಚಿನಲ್ಲಿ ಹುಟ್ಟಿ ಅಲ್ಲೇ ಆರಿಹೋಗುವಂಥದ್ದು. ಅಡುಗೆಮನೆಯಿಂದ ಕರೆದರೆ ಪಡಸಾಲೆ ಮುಟ್ಟುತ್ತಿರಲಿಲ್ಲ. ನಮ್ಮ ಮನೆ ಊರಿನ ಕೊನೆಗೆ, ಹಿತ್ತಲು ದಾಟಿದರೆ ನಮ್ಮದೇ ಹೊಲ. ಅಪ್ಪನನ್ನು ಊಟಕ್ಕೆ ಕರೆಯಬೇಕಾದರೆ ಅವ್ವ ನನ್ನನ್ನೇ ಹಿತ್ತಲಿಗೆ ಅಟ್ಟುತ್ತಿದ್ದಳು. ಆಗ ಮಾತ್ರ ನನ್ನ ದನಿ ಬೇಕು. ಇದನ್ನು ಅಂದು ತೋರಿಸಿದರೆ ಸಣ್ಣಗೆ ನಗುತ್ತಿದ್ದಳು.

ಒಮ್ಮೆ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಚಾ ಕುಡಿಯುತ್ತ, “ನಿಮ್ಮವ್ವ ತಿರ್ಲಾಪುರದಾಗ ಸಣ್ಣಾಕಿ ಇದ್ದಾಗ ಹೊಲದಾಗ ನಿಂತು ಒದರಿದ್ರ ಊರಾಗಿನ ನಾಯಿ ಎದ್ದು ಕುಂದರತಿದ್ವು ನೋಡು” ಅಂದಿದ್ದ. ಅವ್ವ, “ಸುಮ್ಮನ ಚಾ ಕುಡಿಯೋ ತಮ್ಮಾ” ಎಂದು ಮಾತು ಮುರಿದಳು. ಮಾಮಾ ಎಲ್ಲರನ್ನೂ ಚಾಷ್ಟಿ ಮಾಡುವ ಮನುಷ್ಯ. ಅದೂ ಚಾಷ್ಟಿಯೇ ಎಂದುಕೊಂಡೆ.

ನನಗೆ ಎರಡು ಸಂಬಂಧ ಬಂದು ಹೋಗಿದ್ದವು. ಮೊದಲಿನವರು ಏನೂ ಹೇಳಲಿಲ್ಲ. ಎರಡನೆಯವರ ಮನೆಯ ಹೆಣ್ಣುಮಗಳು ನಮ್ಮ ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತ, “ಒಳಗ ಮಾತಾಡಿದಾಕಿ ಹುಡುಗೀನೋ ಅವರಪ್ಪನೋ?” ಎಂದು ಪಕ್ಕದವಳಿಗೆ ಅಂದು ನಕ್ಕಳು. ನಾನು ಕೇಳಿಸಿಕೊಂಡೆ. ಅವ್ವನೂ ಕೇಳಿಸಿಕೊಂಡಳು. ಅವತ್ತಿನಿಂದ ನನ್ನ ದನಿ ನಮ್ಮ ಮನೆಯಲ್ಲಿ ಒಂದು ಜಡ್ಡಿನ ಹಾಗೆ, ಕಾಯಿಲೆಯ ಹಾಗೆ ಆಯಿತು. ಅದರ ಹೆಸರು ಯಾರೂ ತೆಗೆಯುತ್ತಿರಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ.

ಮೂರನೆಯದು ಸಂಶಿಯ ಸಂಬಂಧ. ತಂದವನು ಇದೇ ಮಾಮಾ. ಅವನು ಅಣ್ಣಿಗೇರಿಯ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ. ಬಂದ ಹತ್ತಿಯನ್ನು ಬೆರಳಲ್ಲಿ ಹಿಂಜಿ ನೋಡಿ ಇದು ಇಂಥ ದರ್ಜೆಯದು ಎಂದು ಹೇಳುವುದು ಅವನ ಕೆಲಸ. ಹುಡುಗ ಕರೆಂಟಿನ ಲೈನ್‌ಮನ್. ಹುಡುಗನ ತಂದೆ ಕನ್ನಡ ಶಾಲೆಯ ಮಾಸ್ತರಿಕೆ ಮುಗಿಸಿ ಮನೆಯಲ್ಲಿದ್ದವರು. ಊರ ಭಜನಿ ಮೇಳಕ್ಕೆ ಅವರೇ ಹಿರಿಯರು. ಹುಡುಗನಿಗೆ ತಾಯಿ ಇರಲಿಲ್ಲ.

ಅವರು ನೋಡಲು ಬಂದ ದಿನ ಅವ್ವ ನನಗೆ ಒಂದೇ ಮಾತು ಕಲಿಸಿದ್ದಳು: ಕೇಳಿದ್ದಕ್ಕೆ ಹೌದ್ರಿ, ಇಲ್ರಿ, ಅಷ್ಟೇ. ನಾನು ಅವಲಕ್ಕಿ ತಟ್ಟೆ ಇಟ್ಟು ಚಾಪೆಯ ಮೇಲೆ ಕೂತೆ. ಹುಡುಗ ನೆಲ ನೋಡುತ್ತ, “ನಿಮ್ಮ ಸಾಲ್ಯಾಗ ಮಕ್ಕಳು ಮಾತು ಕೇಳ್ತಾವೇನ್ರಿ?” ಅಂದ. ಇದಕ್ಕೆ ಹೌದ್ರಿ ಎಂದಷ್ಟೇ ಅಂದರೆ ಹೇಗೆ? “ಕೇಳದ ಎಲ್ಲಿಗಿ ಹೋಗ್ತಾವ್ರಿ!” ಎಂದುಬಿಟ್ಟೆ, ನನ್ನ ಪೂರಾ ದನಿಯಲ್ಲಿ. ಮಾಡಿನ ತಗಡು ಗಣಗುಟ್ಟಿತು. ಹುಡುಗ ತಲೆ ಎತ್ತಿ ನಕ್ಕ. ಹಲ್ಲು ಕಾಣದ ನಗು, ಕಣ್ಣಲ್ಲಿ ಮಾತ್ರ. ನನಗೆ ಅವನು ಅಲ್ಲಿಯೇ ಮನಸ್ಸಿಗೆ ಬಂದ. ಇದನ್ನು ಯಾಕೆ ಮುಚ್ಚಿಡಬೇಕು?

ಆಮೇಲೆ ಅವರ ತಂದೆ, “ತಂಗಿ, ಒಂದು ಪದಾ ಹೇಳು ನೋಡೂಣು” ಅಂದರು. ನೋಡಲು ಬಂದವರು ಹುಡುಗಿಯಿಂದ ಪದ ಹೇಳಿಸುವುದು ನಮ್ಮಲ್ಲಿ ಇದ್ದದ್ದೇ. ನಾನು ಪಂಚಮಿಯ ಜೋಕಾಲಿ ಪದ ಒಂದನ್ನು ಹೇಳಿದೆ. ಅವರು ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೂ ಸ್ವಲ್ಪ ಹೊತ್ತು ತೆರೆಯಲಿಲ್ಲ. ನಿದ್ದೆ ಹತ್ತಿತೇನೋ ಎಂದು ಅಪ್ಪ ಕೆಮ್ಮಿದ. ಕಣ್ಣು ತೆರೆದರು, “ಹೂಂ” ಅಂದರು, ಬಸ್ಸಿನ ಹೊತ್ತಾಯಿತೆಂದು ಎದ್ದರು.

ಎರಡು ದಿನ ಬಿಟ್ಟು ಮಾಮಾನ ಫೋನು ಬಂತು. ಅವನು ಬಸ್ಸಿನಲ್ಲಿದ್ದ, ಒಂದು ಮಾತು ಕೇಳಿದರೆ ಇನ್ನೊಂದು ಹಾರಿಹೋಗುತ್ತಿತ್ತು. ಅವ್ವ ಫೋನನ್ನು ಸ್ಪೀಕರಿಗೆ ಹಾಕಿದಳು.

“ಅಕ್ಕಾ, ಮಾಸ್ತರ ಸಿಕ್ಕಿದ್ರು. ಹುಡುಗಿ ದನಿ ಅಗದಿ ಜವಾರಿ ಐತಿ ಅಂದ್ರು.”

“ಏನಂದ್ರು?”

“ಜವಾ… ದನಿ… ಐತ್ವಾರ ಇನ್ನೊಮ್ಮೆ ಬರ್ತಾರಂತ. ಅವರ ಅಕ್ಕನ್ನ ಕರ್ಕೊಂಡು ಬಂದು ಇನ್ನೊಮ್ಮೆ ನೋಡತಾರಂತ.”

“ಮತ್ಯಾಕ ನೋಡೂದು?”

ಫೋನು ಕಟ್ಟಾಯಿತು. ಅವ್ವ ಕೈಯಲ್ಲಿ ಫೋನು ಹಿಡಿದೇ ಕೂತಳು. ಅವಳ ಮುಖ ನೋಡಿದೆ, ರಕ್ತ ಇಳಿದು ಬೂದಿಯಾಗಿತ್ತು. ಒಂದು ಮಾತಿಗೆ ಇಷ್ಟೊಂದು ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ.

“ಜವಾರಿ ಅಂದ್ರೋ, ಬಜಾರಿ ಅಂದ್ರೋ?” ಎಂದು ಅಪ್ಪ ಒಂದು ಹೊಸ ಸಂಶಯ ತೆಗೆದ. ಬಜಾರಿ ಎಂದರೆ ಮುಗಿದೇ ಹೋಯಿತು. ಪೇಟೆಯ ನಡುವೆ ನಿಂತು ಬಾಯಿ ಮಾಡುವವಳು, ಮಾನ ಮರ್ಯಾದೆ ಗಾಳಿಗೆ ತೂರಿದವಳು. ನಮ್ಮ ಭಾಷೆಯಲ್ಲಿ ಗಂಡಸು ಬಜಾರಿ ಆಗುವುದೇ ಇಲ್ಲ, ಎಷ್ಟು ಕೂಗಾಡಿದರೂ. ಆ ಶಬ್ದವನ್ನು ಹೆಂಗಸರಿಗೆಂದೇ ಎತ್ತಿಟ್ಟಿದ್ದಾರೆ. “ಜವಾರಿ ಅಂತ ನಾ ಸ್ವಚ್ಛ ಕೇಳೀನಿ” ಅಂದೆ ನಾನು. ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಜವಾರಿ ಎಂದರೆ ಏನು?

ಅವರಿಗೇ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಹೆಣ್ಣಿನ ಕಡೆಯವರು ಫೋನು ಮಾಡಿ, ನೀವು ಅಂದದ್ದರ ಅರ್ಥವೇನು ಎಂದು ಕೇಳುವುದುಂಟೇ? ಕೇಳಿದರೆ ಅದೇ ಬಜಾರಿತನ ಆಗುತ್ತಿತ್ತು. ಮಾಮಾನನ್ನು ಮತ್ತೆ ಹಿಡಿದು ಕೇಳಿದ್ದಾಯಿತು. ಅವನು, “ಜವಾರಿ ಅಂದ್ರ ಜವಾರಿ. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡಂತಾರ, ನಾ ಇನ್ನೂ ನೂರನೂ ಹೇಳಿಲ್ಲ, ಸುಮ್ಮನ ತಯಾರಿ ಮಾಡ್ಕೊಳ್ರಿ” ಎಂದು ಇಟ್ಟುಬಿಟ್ಟ.

ಆ ವಾರ ನಾನು ಆ ಶಬ್ದವನ್ನು ಹೊತ್ತುಕೊಂಡು ತಿರುಗಿದೆ. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಮಕ್ಕಳ ಶುದ್ಧಬರಹ ತಿದ್ದುವಾಗ ಅದೇ. ನಾನು ಓದಿದ್ದು ಕನ್ನಡ ಐಚ್ಛಿಕ. ಒಂದು ಶಬ್ದಕ್ಕೆ ನಾಲ್ಕು ಅರ್ಥ ಬರೆದು ಅಂಕ ಗಿಟ್ಟಿಸಿದವಳು. ಈಗ ನಾಲ್ಕರಲ್ಲಿ ಯಾವುದು ನನ್ನದೆಂದು ತಿಳಿಯುತ್ತಿರಲಿಲ್ಲ.

ಅಪ್ಪನನ್ನು ಕೇಳಿದೆ. ಅಪ್ಪನಿಗೆ ಜವಾರಿ ಎಂದರೆ ಹತ್ತಿ. “ಎಳಿ ಗಿಡ್ಡ, ಮುಟ್ಟಿದ್ರ ಒರಟ. ಒಳ್ಳೇ ಅರಿವಿ ಆಗೂದಿಲ್ಲ, ಹಾಸೂ ಗಾದಿಗಿ ನಡೀತೈತಿ” ಅಂದ. ನನ್ನ ಮುಖ ಸಣ್ಣದಾದದ್ದು ಕಂಡಿತೇನೋ, ಅವಸರದಲ್ಲಿ, “ಆದ್ರ ಔಷಧ ಬೇಡೂದಿಲ್ಲ, ಮಳಿ ಹಿಂದಮುಂದ ಆದ್ರೂ ಸಾಯೂದಿಲ್ಲ, ತನ್ನಷ್ಟಕ್ಕ ತಾ ಬರ್ತೈತಿ” ಎಂದು ಸೇರಿಸಿದ. ಅಷ್ಟು ಹೇಳಿ, ತಾನು ಆ ವರ್ಷ ಬಿತ್ತಿದ್ದು ಹೈಬ್ರಿಡ್ ಎಂಬುದು ನೆನಪಾಗಿ ಎದ್ದು ಹೊರಗೆ ನಡೆದ.

ಓಣಿಯ ಚಾಚಿ ಕೋಳಿ ತತ್ತಿ ಕೊಡಲು ಬಂದಿದ್ದಳು. ಅವಳನ್ನು ಕೇಳಿದರೆ ಬೇರೆಯೇ ಉತ್ತರ. “ಜವಾರಿ ತತ್ತೀಗಿ ಮಂದಿ ಮನೀ ಮುಂದ ಪಾಳಿ ಹಚ್ಚತಾರವಾ. ಫಾರ್ಮಿನ ತತ್ತಿ ಯಾರ ಮೂಸತಾರ? ಅವರು ಹಂಗಂದಿದ್ರ ನೀ ಅಗದಿ ಗೆದ್ದಿ” ಅಂದಳು. ಅಂದರೆ ಕೋಳಿಯಾದರೆ ಗೆದ್ದೆ, ಹತ್ತಿಯಾದರೆ ಸೋತೆ. ಸಂಶಿಯ ಮಾಸ್ತರರು ಅಂದದ್ದು ಕೋಳಿಯ ಜವಾರಿಯೋ ಹತ್ತಿಯ ಜವಾರಿಯೋ? ಇವತ್ತು ನಗು ಬರುತ್ತದೆ. ಆವತ್ತು ನಾನು ಇದನ್ನೇ ಹಿತ್ತಲ ಕಟ್ಟೆಯ ಮೇಲೆ ಕೂತು ಗಂಭೀರವಾಗಿ ಯೋಚಿಸಿದ್ದೇನೆ.

ಶಾಲೆಯಲ್ಲಿ ಹೆಡ್‌ಮಾಸ್ತರರನ್ನು, ಪಾಠದ ಶಬ್ದವೆಂಬಂತೆ ನಟಿಸಿ ಕೇಳಿದೆ. ಅವರಿಗೆ ಶಬ್ದದ ಮೂಲ ಹುಡುಕುವುದೆಂದರೆ ಊಟ ಬೇಡ. “ಮರಾಠ್ಯಾಗ ಜೋಳಕ್ಕ ಜ್ವಾರಿ ಅಂತಾರ್ರಿ ಟೀಚರ್. ಜ್ವಾರಿ ತಿನ್ನೂ ಮಂದಿ ಜವಾರಿ ಮಂದಿ ಆಗಿರಬೇಕು. ಅನ್ನ, ಗೋದಿ ತಿನ್ನಾವರು ನಾಜೂಕ, ಜೋಳ ತಿನ್ನಾವರು ಒರಟ. ಹಂಗ ಹುಟ್ಟಿರಬೇಕು. ಖರೇ ಏನೋ ಯಾರಿಗೆ ಗೊತ್ತು” ಅಂದರು. ಮನೆಗೆ ಬರುವಾಗ ಬಸ್ಸಿನಲ್ಲಿ ಇದೇ ತಲೆಯಲ್ಲಿ ಕೊರೆಯಿತು. ನಾವು ಮೂರು ಹೊತ್ತೂ ಜೋಳದ ರೊಟ್ಟಿ ತಿನ್ನುವವರು. ಸಂಶಿಯವರೂ ಅದನ್ನೇ ತಿನ್ನುವವರು. ಹಾಗಾದರೆ ಯಾರು ಯಾರಿಗೆ ಜವಾರಿ ಅನ್ನಬೇಕು? ಒಂದೇ ಬುಟ್ಟಿಯ ರೊಟ್ಟಿ ತಿಂದವರೂ ತಮ್ಮಲ್ಲೇ ಒಬ್ಬರನ್ನು ಹುಡುಕಿ ಈ ಶಬ್ದ ಅಂಟಿಸುತ್ತಾರೆ. ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು, ಯಾಕೆಂದರೆ ಆ ನಗು ನೆನಪಾಯಿತು, ಕಣ್ಣಲ್ಲಿ ಮಾತ್ರ ಇದ್ದ ನಗು. ಅದು ಕೈ ತಪ್ಪಿಹೋದರೆ?

ಅವ್ವ ಯಾರನ್ನೂ ಏನೂ ಕೇಳಲಿಲ್ಲ. ಅವಳಿಗೆ ಅರ್ಥದಲ್ಲಿ ಅನುಮಾನವೇ ಇರಲಿಲ್ಲ. ಮರುದಿನದಿಂದಲೇ ನನ್ನನ್ನು ತಿದ್ದಲು ಶುರು ಮಾಡಿದಳು. ಬೆಳಿಗ್ಗೆ ಎದ್ದರೆ ಜೇಷ್ಠಮಧು, ರಾತ್ರಿ ಅರಿಷಿಣ ಹಾಕಿದ ಹಾಲು, ನಡುವೆ ಕಲ್ಲುಸಕ್ಕರೆ. ಸಂಜೆ ಅಡುಗೆಮನೆಯಲ್ಲಿ ಎದುರು ಕೂರಿಸಿಕೊಂಡು ಮಾತಾಡಿಸುತ್ತಿದ್ದಳು.

“ಗಂಟಲಾಗಿಂದ ತಗೀಬ್ಯಾಡ. ತುಟಿಯಾಗಿಂದ ಅನ್ನು. ಅರ್ಧಾ ಉಸರು ಒಳಗ ಇಟ್ಕೊ.”

“ಹೌದ್ರಿ.”

“ಇನ್ನಾ ಸಣ್ಣಗ. ಅನ್ನೂಕಿಂತ ಮೊದಲ ಒಮ್ಮಿ ಉಗುಳು ನುಂಗು. ಹಂಗ ಮಾಡಿದ್ರ ದನಿ ಅಲ್ಲೇ ಕುಂದರತೈತಿ.”

ಇಷ್ಟು ಸೂಕ್ಷ್ಮ ಇವಳಿಗೆ ಯಾರು ಕಲಿಸಿದರು ಎಂದು ನಾನು ಬೆರಗಾದೆ. ಕೇಳಲಿಲ್ಲ. ಕೇಳುವಷ್ಟು ಉಸಿರು ಹೊರಗಿರಲಿಲ್ಲ, ಅರ್ಧ ಒಳಗೇ ಇತ್ತಲ್ಲ. ಶಾಲೆಯಲ್ಲಿ ಆ ವಾರ ಮಗ್ಗಿಯ ಸದ್ದೇ ಇಲ್ಲ. ನನ್ನ ಮಕ್ಕಳೇ ನನ್ನ ಮಾತು ಕೇಳಿಸದೆ ಹಿಂದಿನ ಸಾಲಿನಲ್ಲಿ ಗದ್ದಲ ಹಾಕಿದವು. ಕನ್ನಡಿಯ ಮುಂದೆ ನಿಂತು ಸಣ್ಣ ದನಿಯಲ್ಲಿ ನನ್ನ ಹೆಸರನ್ನೇ ಹೇಳಿನೋಡಿದೆ. ಬೇರೆ ಯಾರೋ ನನ್ನನ್ನು ಕರೆದ ಹಾಗೆ ಕೇಳಿಸಿತು.

ಆ ಭಾನುವಾರ ಬಂತು. ಮಾಸ್ತರರು, ಅವರ ಅಕ್ಕ, ಹುಡುಗ, ಜೊತೆಗೆ ನಮ್ಮ ಮಾಮಾ. ಅಕ್ಕ ಎಂಬುವರು ತೆಳ್ಳನೆಯ ಮುದುಕಿ, ಕಿವಿಗೆ ಕೈ ಒಡ್ಡಿಕೊಂಡು ಕೂತರು.

“ಆರಾಮದೀಯೇನ್ ತಂಗಿ?” ಅಂದರು ಮಾಸ್ತರರು.

ಉಗುಳು ನುಂಗಿ, ತುಟಿಯಿಂದ, “ಹೌದ್ರಿ” ಅಂದೆ.

ಅವರು ಹುಬ್ಬು ಗಂಟಿಕ್ಕಿದರು. “ನೆಗಡಿ ಆಗೇತೇನು?”

“ಇಲ್ರಿ.”

“ಅವತ್ತಿನ ಪದಾನ ಇನ್ನೊಮ್ಮೆ ಹೇಳು. ನಮ್ಮಕ್ಕಗ ಕೇಳಸಬೇಕು.”

ಹೇಳಿದೆ. ಅರ್ಧ ಉಸಿರಿನಲ್ಲಿ ಜೋಕಾಲಿ ಎಲ್ಲಿ ಏರುತ್ತದೆ? ಏರುವ ಜಾಗಕ್ಕೆ ಬಂದಾಗ ದನಿ ನೂಲು ಹರಿದಂತೆ ಹರಿದುಹೋಯಿತು. ಮತ್ತೆ ಹಿಡಿದೆ, ಮತ್ತೆ ಹರಿಯಿತು. ಒಳಬಾಗಿಲಲ್ಲಿ ನಿಂತ ಅವ್ವ ಮಾತ್ರ ಪ್ರತಿ ಸಾಲಿಗೂ ತಲೆ ಆಡಿಸುತ್ತಿದ್ದಳು, ಭೇಷ್ ಎಂಬಂತೆ. ಹುಡುಗ ನನ್ನನ್ನು ನೋಡುತ್ತಿದ್ದ. ಅವನ ಕಣ್ಣಲ್ಲಿ ಆವತ್ತಿನ ನಗು ಇರಲಿಲ್ಲ, ಗುರುತು ಸಿಗದವರನ್ನು ನೋಡುವಂತೆ ನೋಡುತ್ತಿದ್ದ.

ಪದ ಮುಗಿಯಿತು. ಮಾಸ್ತರರು ಮಾಮಾನ ಕಡೆ ತಿರುಗಿ, ಮೆಲ್ಲಗೆ ಆದರೂ ನನಗೆ ಕೇಳುವಂತೆ, “ಅವತ್ತಿನ ಹುಡುಗಿ ಇಕೀನ ಹೌದಲ್ಲೋ?” ಅಂದರು. ಮುದುಕಿ ಅವರ ಕಿವಿಯಲ್ಲಿ ಏನೋ ಅಂದಳು. ನನಗೆ ಒಂದೇ ಶಬ್ದ ಕೇಳಿಸಿತು: ಜಡ್ಡು. ಹುಡುಗಿಗೆ ಒಳಗೆ ಏನೋ ಜಡ್ಡಿದೆ ಎಂಬ ಮಾತು ಒಮ್ಮೆ ಹೊರಬಿತ್ತೆಂದರೆ ಸಂಶಿ ಹೋಗಲಿ, ಈ ಸೀಮೆಯ ಯಾವ ಊರಿನವರೂ ನಮ್ಮ ಬಾಗಿಲಿಗೆ ಬರುವುದಿಲ್ಲ.

ಮಾಸ್ತರರು ತುಟಿಗೆ ಮುಟ್ಟಿಸದ ಚಾ ಕಪ್ಪನ್ನು ಕೆಳಗಿಟ್ಟು ಎದ್ದರು. “ಆತ್ರಿ. ತಿಳಸ್ತೇವಿ” ಅಂದರು. ಹೆಣ್ಣು ಹೆತ್ತ ಮನೆಯಲ್ಲಿ ಈ ಎರಡು ಮಾತಿನ ಅರ್ಥಕ್ಕೆ ಯಾರೂ ನಿಘಂಟು ನೋಡುವುದಿಲ್ಲ. ಅಪ್ಪ ಕೈ ಮುಗಿದು ನಿಂತ. ಅವರು ಹೊಸ್ತಿಲು ದಾಟಿ ಚಪ್ಪಲಿ ಹುಡುಕುತ್ತಿದ್ದರು. ಹುಡುಗ ಕೊನೆಗೆ ಎದ್ದ.

“ನಿಲ್ರಿ!”

ಅಂದದ್ದು ನಾನೇ. ತಗಡು ಗಣಗುಟ್ಟಿತು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಸೈಕಲ್ಲು ನಿಲ್ಲಿಸಿದರು. ಅವ್ವ “ಬ್ಯಾಡಲೇ” ಎಂದು ತುಟಿ ಅಲ್ಲಾಡಿಸಿದ್ದು ಕಂಡಿತು, ಕೇಳಿಸಲಿಲ್ಲ.

“ನನಗ ಯಾವ ಜಡ್ಡೂ ಇಲ್ರಿ. ನೀವ ಅಲ್ರಿ ನನ್ನ ದನಿ ಜವಾರಿ ಐತಿ ಅಂದಾವರು? ಅದಕ್ಕ ಒಂದು ವಾರ ಜೇಷ್ಠಮಧು ತಿಂದು ಹಿಂಗ ಮಾಡ್ಕೊಂಡೀನಿ. ನಿಮಗ ಅದೂ ಬ್ಯಾಡ, ಇದೂ ಬ್ಯಾಡಂದ್ರ ನಾ ಯಾವ ದನೀಲೆ ಮಾತಾಡ್ಲ್ರಿ?”

ಹೇಳಿ ಮುಗಿಸಿದ ಮೇಲೆ ಕೆಟ್ಟೆ ಎಂದುಕೊಂಡೆ. ಈಗ ಜವಾರಿ, ಬಜಾರಿ ಎರಡೂ ಆದೆ.

ಮಾಸ್ತರರು ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ನಿಂತಿದ್ದರು. ಆಮೇಲೆ ಅಕ್ಕನ ಕಡೆ ತಿರುಗಿ, “ಕೇಳಿದ್ಯಾ? ಇದು, ಇದು! ನಾ ಹೇಳಿದ್ದು ಇದನ್ನ!” ಎಂದು ಕೂಗಿದರು. ಮುದುಕಿ ಕಿವಿಯಿಂದ ಕೈ ತೆಗೆದು, “ಈಗ ಹೌದು” ಎಂದು ತಲೆ ಆಡಿಸಿದಳು.

ಅವರು ವಾಪಸು ಒಳಗೆ ಬಂದು ಕೂತರು. “ಯವ್ವಾ, ದನಿ ಜವಾರಿ ಐತಿ ಅಂತ ನಾ ಅಂದಿಲ್ಲ. ದನ್ಯಾಗ ಜವಾರಿ ಐತಿ ಅಂದೆ. ನಮ್ಮನಿಯೊಳಗ ಒಂದು ತಂಬೂರಿ ಐತಿ. ಅದರ ತಂತಿಗೂ, ತಂತಿ ಹೊರೂ ಕುದರಿ ಹಲಗಿಗೂ ನಡುವ ಒಂದೆಳಿ ದಾರ ಇಡತೇವಿ. ಇಡದಿದ್ರ ತಂತಿ ಟಣ್ ಅಂದು ಅಲ್ಲೇ ಸಾಯತೈತಿ. ದಾರ ಜಾಗಾದಾಗ ಕುಂತರ ಝೂಂ ಅಂತ ಮೊರೀತೈತಿ, ಮನಿ ತುಂಬತೈತಿ. ಆ ಝೂಂ ಅನ್ನೂದಕ್ಕ ಜವಾರಿ ಅಂತಾರ. ಕೆಲವು ತಂಬೂರಿಗೆ ಜನ್ಮಾ ಕಳದ್ರೂ ಅದು ಬರೂದಿಲ್ಲ. ನಿನಗ ಹುಟ್ಟಿನಿಂದನ ಬಂದೈತಿ. ಅದನ್ನ ಅಕ್ಕಗ ಕೇಳಸೂಣಂತ ಕರ್ಕೊಂಡು ಬಂದ್ರ ಈಕಿ ಇಲಿ ಮರಿ ಹಂಗ ಕುಂಯ್ ಅಂತಾಳ!”

ಎಲ್ಲರೂ ಮಾಮಾನ ಕಡೆ ತಿರುಗಿದೆವು. ಅವನು ಕಿವಿ ಕೆರೆದುಕೊಂಡ. “ನನಗೇನ್ ಗೊತ್ತಾಗಬೇಕ್ರಿ? ನಾ ಹತ್ತಿ ಮಂದಿ. ಜವಾರಿ ಅಂದ್ರ ಗಾದಿಗಿ ಅಂತ ತಿಳಕೊಂಡೆ.”

“ಎತ್ತು ಈದೈತಿ ಅಂದ್ರ ಕರಾ ಕಟ್ರಿ ಅಂದ್ರಂತ, ಹಂಗಾತು ನಿಮ್ಮದು” ಎಂದು ಮಾಸ್ತರರು ನಕ್ಕರು. ಅಪ್ಪನಿಗೆ ಧೈರ್ಯ ಬಂದು, “ಆ ದಾರ ಯಾವ ಹತ್ತೀದ್ರಿ?” ಎಂದು ಕೇಳಿದ. “ಯಾವ ಹತ್ತೀದಾದ್ರೇನ್ರಿ, ನಿಮ್ಮದ ಕೊಡ್ರಿ” ಅಂದರು ಅವರು. ಹುಡುಗ ನನ್ನ ಕಡೆ ನೋಡಿದ. ನಗು ವಾಪಸು ಬಂದಿತ್ತು. ಚಾ ಮತ್ತೆ ಕುದಿಯಲಿಟ್ಟರು, ಪಂಚಾಂಗ ಹೊರಗೆ ಬಂತು.

ಈ ಎರಡು ಜವಾರಿಗೂ ಒಂದೇ ಬೇರೋ, ಬೇರೆ ಬೇರೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಂಬೂರಿಯದು ಜೀವ ಎಂಬ ಶಬ್ದದಿಂದ ಬಂದದ್ದೆಂದು ಕೆಲವರು ಹೇಳುತ್ತಾರೆ. ಜೋಳದ್ದು ಜೋಳದಿಂದಲೇ ಬಂತೆಂದು ಇನ್ನು ಕೆಲವರು. ಬಲ್ಲವರು ಬಗೆಹರಿಸಲಿ.

ಆ ದಿನ ನಗದೆ ಇದ್ದವಳು ಅವ್ವ ಒಬ್ಬಳೇ. ಅವರು ಹೋದ ಮೇಲೆ ಅಡುಗೆಮನೆಗೆ ಹೋದೆ. ತೊಳೆಯದ ಕಪ್ಪುಗಳ ಮುಂದೆ ಗೋಡೆಗೆ ಒರಗಿ ಕೂತಿದ್ದಳು. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ.

“ನನಗೂ ಅಂದಿದ್ರು” ಅಂದಳು.

“ಏನು?”

“ಜವಾರಿ ದನಿ. ನಿಮ್ಮ ಆಯಿ ಅಂದಿದ್ರು. ಮದುವಿ ಆಗಿ ಬಂದ ಹೊಸದಾಗಿ, ಇದ ಅಡಗೀಮನ್ಯಾಗ. ನಾ ಏನೋ ಅಂದು ನಕ್ಕಿದ್ದೆ.”

ಆಯಿ, ನನ್ನ ಅಪ್ಪನ ತಾಯಿ, ತೀರಿಹೋಗಿ ವರ್ಷಗಳಾಗಿದ್ದವು. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದೆ, ಪೂರ್ತಿ ಬರಲಿಲ್ಲ.

“ನೀ ಏನಂದಿ?”

“ಏನನ್ನೂದು? ಅವತ್ತಿಂದ ಸಣ್ಣಗ ಮಾಡ್ಕೊಂಡೆ.” ಕಪ್ಪಿನ ಅಂಚನ್ನು ಬೆರಳಿನಿಂದ ತಿಕ್ಕಿದಳು. “ಯಾವ ಜವಾರಿ ಅಂತ ನಾ ಕೇಳಲಿಲ್ಲ.”

“ಅಪ್ಪಗ ಗೊತ್ತಿಲ್ಲೇನ್ ಬೇ?”

“ಹೊಸದಾಗಿ ಅವರ ಮುಂದ ನಾ ಬಾಯಿನ ತಗೀತಿರಲಿಲ್ಲ. ತಗಿಯೂದ್ರಾಗ ಆ ದನಿ ಹೋಗಿತ್ತು.”

ನನಗೆ ಆಗ ಎಲ್ಲ ತಿಳಿಯಿತು. ಅರ್ಧ ಉಸಿರು, ನುಂಗಿದ ಉಗುಳು, ತುಟಿಯ ಮಾತು. ನನಗೆ ಒಂದು ವಾರ ಆಗದ್ದನ್ನು ಇವಳು ಈ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದ ಮಾಡುತ್ತ ಬಂದಿದ್ದಳು. 

ಮರುದಿನ ಬೆಳಿಗ್ಗೆ ಅಪ್ಪ ಬುತ್ತಿ ಮರೆತು ಹೊಲಕ್ಕೆ ಹೋಗಿದ್ದ. ಹಿತ್ತಲಿನಿಂದ ನೋಡಿದರೆ ಹತ್ತಿಯ ಸಾಲಿನ ನಡುವೆ ದೂರದಲ್ಲಿ ಅವನ ಬಿಳಿ ರುಮಾಲು ಕಾಣುತ್ತಿತ್ತು. ಅವ್ವ ಎಂದಿನಂತೆ ನನ್ನ ಕಡೆ ನೋಡಿದಳು.

“ನೀನ ಕರಿ ಬೇ” ಅಂದೆ.

“ಹುಚ್ಚೀ ಏನು?”

“ಕರಿ. ಯಾರಿಲ್ಲ.”

ಅವಳು ಮೊದಲು ಹಿಂದೆ ತಿರುಗಿ ಅಡುಗೆಮನೆಯ ಕಡೆ ನೋಡಿದಳು, ಅಲ್ಲಿ ಇನ್ನೂ ಯಾರೋ ಕೂತಿದ್ದಾರೆ ಎಂಬಂತೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಹತ್ತಿದಳು. ಮೊದಲ ಸಲ ಬಾಯಿ ತೆರೆದಾಗ ಗಾಳಿ ಮಾತ್ರ ಬಂತು. ಎರಡನೆಯ ಸಲ ಬಂತು ಅದು.

“ಬುತ್ತೀ…!”

ದಪ್ಪ ದನಿ. ಸ್ವಲ್ಪ ಗೊಗ್ಗರು. ಬೇಲಿಯ ಮೇಲಿನ ಗುಬ್ಬಿಗಳು ಎದ್ದವು, ಓಣಿಯ ನಾಯಿ ಬೊಗಳಿತು, ದೂರದಲ್ಲಿ ರುಮಾಲು ನಿಂತಿತು. ನಾನು ಬಾಯಿ ತೆರೆದಿರಲಿಲ್ಲ, ಆದರೆ ಕೇಳಿದ್ದು ನನ್ನ ದನಿ.

ಅಪ್ಪ ಸಾಲು ದಾಟುತ್ತ ಬಂದ. ಬುತ್ತಿಯ ಗಂಟು ತೆಗೆದುಕೊಂಡು ನನ್ನ ಕಡೆ ನೋಡಿ, “ಮದುವಿ ಆಗೂ ಹುಡುಗಿ, ಒಂಚೂರು ಸಣ್ಣಗ ಒದರವಾ” ಅಂದ.

“ಒದರಿದ್ದು ನಾನಲ್ಲಪ್ಪಾ.”

ಅಪ್ಪ ಕಟ್ಟೆಯ ಮೇಲೆ ನಿಂತಿದ್ದ ಅವ್ವನನ್ನು ನೋಡಿದ. ಸೆರಗು ಇನ್ನೂ ಸೊಂಟದಲ್ಲೇ ಇತ್ತು. ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ಇದು ನಿನ್ನ ದನೀನ ಏನು?” ಅಂದ.

ಅವ್ವ ಉಗುಳು ನುಂಗಿದಳು. ಎಂದಿನ ಹಾಗೆ, ಸಣ್ಣಗೆ, “ಹೌದ್ರಿ” ಅಂದಳು.